ಸೊಂಟದಲ್ಲಿ ಪಿಸ್ತೂಲು ಇಟ್ಟುಕೊಂಡವರಿಗೆ ಉಮರೇಡ್‌ನಿಂದ ಒಂದು ಪತ್ರ

ಆತ್ಮರಕ್ಷಣೆಗೆಂದು ಲೈಸೆನ್ಸ್ ಮಾಡಿಸಿ ಪಿಸ್ತೂಲು, ರಿವಾಲ್ವರ್ ಇಟ್ಟುಕೊಂಡಿರುವ ಕನ್ನಡ ಬಂಧುಗಳೇ,

ನಿಮ್ಮಲ್ಲಿ ಗುತ್ತಿಗೆದಾರರಿದ್ದೀರಿ, ಚಿನಿವಾರರಿದ್ದೀರಿ, ಪೆಟ್ರೋಲ್ ಬಂಕ್ ನಡೆಸುವವರಿದ್ದೀರಿ, ತೋಟದ ಮನೆಯಲ್ಲಿ ಒಂಟಿಯಾಗಿರುವವರಿದ್ದೀರಿ, ಸೇನೆಯಿಂದ ನಿವೃತ್ತರಾಗಿ ಬಂದವರೂ ಇದ್ದೀರಿ. ಊರ ಕಡೆ ಬಂದಾಗಲೂ ಇಲ್ಲಿ ನಾಗ್ಪುರದಲ್ಲಿ ಕನ್ನಡದವರು ಸೇರಿದಾಗಲೂ ನೀವು ನನ್ನನ್ನು ಕೇಳುವ ಪ್ರಶ್ನೆ ಒಂದೇ: ಯಾವ ಗುಂಡು ಒಳ್ಳೆಯದು? ಹಾಲೋ ಪಾಯಿಂಟ್ ಎಲ್ಲಿ ಸಿಗುತ್ತದೆ? .32 ಗುಂಡಿಗೆ ಮನುಷ್ಯ ಬೀಳುತ್ತಾನಾ? ಒಬ್ಬೊಬ್ಬರಿಗೆ ಒಂದೊಂದು ತುಣುಕು ಉತ್ತರ ಕೊಡುವ ಬದಲು ನನಗೆ ಗೊತ್ತಿರುವುದನ್ನೆಲ್ಲ ಒಂದೇ ಪತ್ರದಲ್ಲಿ ಬರೆಯುತ್ತಿದ್ದೇನೆ.

ನಾನು ನಾಗ್ಪುರದ ಬಳಿಯ ಉಮರೇಡ್‌ನ ಕಲ್ಲಿದ್ದಲ ಗಣಿಯಲ್ಲಿ ಸಿಡಿಮದ್ದಿನ ಕೆಲಸ ಮಾಡಿದವನು. ಗಣಿಯ ಮದ್ದಿನ ಮನೆಯಿಂದ ಒಂದು ಡಿಟೊನೇಟರ್ ಹೊರಗೆ ಹೋದರೆ ಅದು ಯಾರ ಕೈಗೆ ಹೋಯಿತು, ಯಾವ ರಂಧ್ರದಲ್ಲಿ ಸಿಡಿಯಿತು, ಸಿಡಿಯದಿದ್ದರೆ ಎಲ್ಲಿ ವಾಪಸಾಯಿತು ಎಂದು ಪುಸ್ತಕದಲ್ಲಿ ಬರೆದೇ ತೀರಬೇಕು. ಅದೇ ಶಿಸ್ತನ್ನು ನಿಮ್ಮ ಬೀರುವಿನಲ್ಲಿರುವ ಇಪ್ಪತ್ತೋ ಇಪ್ಪತ್ತೈದೋ ಕಾಡತೂಸುಗಳಿಗೂ ತೋರಿಸಿ ಎನ್ನುವುದೇ ಈ ಪತ್ರದ ಸಾರ. ಗುಂಡಿನ ಆಯ್ಕೆ ಎಂದರೆ ನಮ್ಮ ದೇಶದಲ್ಲಿ ಬಹುಪಾಲು ಇದೇ.

ಮೊದಲು ಕಾನೂನು ಬಿಟ್ಟಿರುವ ಜಾಗ ಎಷ್ಟೆಂದು ನೋಡಿ. ನಮ್ಮ ಶಸ್ತ್ರ ಕಾಯ್ದೆ 1959ರದು. ಪೊಲೀಸರೂ ಸೈನಿಕರೂ ಹಿಡಿಯುವ, ಹಿಂದೆ ಹಿಡಿಯುತ್ತಿದ್ದ 9 ಎಂಎಂ, .38, .455 ಇವೆಲ್ಲ ನಿಷೇಧಿತ ಬೋರ್. ಜನಸಾಮಾನ್ಯರಿಗೆ ಉಳಿದಿರುವುದು ಹೆಚ್ಚಾಗಿ .32, ಅದು ಬಿಟ್ಟರೆ .22, ಅಲ್ಲೊಂದು ಇಲ್ಲೊಂದು ಅಜ್ಜನ ಕಾಲದ .25. ಕಾನ್ಪುರದಲ್ಲಿ ತಯಾರಾಗುವ .32 ರಿವಾಲ್ವರ್, 2014ರಲ್ಲಿ ಮಹಿಳೆಯರಿಗೆಂದು ಬಂದ ‘ನಿರ್ಭೀಕ್’, 2023ರ ‘ಪ್ರಬಲ್’ ರಿವಾಲ್ವರ್, ‘ಅಶನಿ’ ಪಿಸ್ತೂಲು ಎಲ್ಲವೂ .32. ‘ನಿಡರ್’ ಮಾತ್ರ .22. ಗುಂಡುಗಳೂ ಹೆಚ್ಚಿನಂಶ ಪುಣೆಯ ಖಡಕಿ ಕಾರ್ಖಾನೆಯವು. ಅವುಗಳ ಹಿಂಭಾಗದಲ್ಲಿ ‘ಕೆಎಫ್’ ಎಂಬ ಮುದ್ರೆ ಕಾಣುತ್ತದೆ. 1869ರಿಂದ ಇರುವ ಆ ಕಾರ್ಖಾನೆ 2021ರ ಅಕ್ಟೋಬರ್‌ನಿಂದ ಮ್ಯೂನಿಷನ್ಸ್ ಇಂಡಿಯಾ ಕಂಪನಿಯ ಅಡಿಯಲ್ಲಿದೆ. ಅಮೆರಿಕದವರು ಇಪ್ಪತ್ತು ಬಗೆಯ 9 ಎಂಎಂ ಗುಂಡುಗಳನ್ನು ಸಾಲಾಗಿ ಇಟ್ಟು ಜೆಲ್ ಗಟ್ಟಿಯೊಳಗೆ ಹಾರಿಸಿ ತೋರಿಸುವ ವಿಡಿಯೊ ನಿಮ್ಮ ಕೈಯಲ್ಲಿರುವ ರಿವಾಲ್ವರಿಗೆ ಸಂಬಂಧಿಸಿದ್ದೇ ಅಲ್ಲ.

ಇನ್ನು .32ರ ವಿಷಯ. ಇಲ್ಲೇ ನಮ್ಮವರು ಅತಿ ಹೆಚ್ಚು ಎಡವುವುದು. ಅಂಗಡಿಯಲ್ಲಿ ‘.32 ಕೊಡಿ’ ಎಂದರೆ ಸಾಲದು. .32 ಎಂಬ ಹೆಸರಿನಲ್ಲಿ ನಮ್ಮಲ್ಲಿ ಮುಖ್ಯವಾಗಿ ಎರಡು ಬೇರೆ ಬೇರೆ ಕಾರ್ಟ್ರಿಜ್‌ಗಳಿವೆ. ಒಂದು ರಿವಾಲ್ವರಿನದು, .32 ಸ್ಮಿತ್ ಆ್ಯಂಡ್ ವೆಸನ್ ಲಾಂಗ್, 1896ರ ವಿನ್ಯಾಸ. ಇನ್ನೊಂದು ಪಿಸ್ತೂಲಿನದು, 1899ರಲ್ಲಿ ಬ್ರೌನಿಂಗ್ ಮಾಡಿದ .32 ಎಸಿಪಿ. ಇದನ್ನೇ 7.65 ಎಂಎಂ ಎನ್ನುವುದು. ಎರಡನ್ನೂ ಅಂಗೈ ಮೇಲೆ ಅಕ್ಕಪಕ್ಕ ಇಟ್ಟು ನೋಡಿ. ರಿವಾಲ್ವರಿನದು ಉದ್ದ. ಅದರ ಬುಡದ ಅಂಚು ಹೊರಕ್ಕೆ ಚಾಚಿಕೊಂಡಿರುತ್ತದೆ, ತುದಿಯಲ್ಲಿ ಬೂದುಬಣ್ಣದ ಬರಿಯ ಸೀಸ. ಪಿಸ್ತೂಲಿನದು ಗಿಡ್ಡ. ಬುಡದ ಮೇಲೆ ಸುತ್ತಲೂ ಒಂದು ಗೀರು ಕೊರೆದಿದೆ, ಅಂಚು ಚಾಚಿಯೂ ಚಾಚದ ಹಾಗಿದೆ, ತುದಿಗೆ ಲೋಹದ ಹೊದಿಕೆ. ಅಪಾಯವೇನೆಂದರೆ, ಈ ಗಿಡ್ಡ ಪಿಸ್ತೂಲು ಗುಂಡು ಬಹಳಷ್ಟು .32 ರಿವಾಲ್ವರ್‌ಗಳ ಕೋಣೆಯೊಳಗೆ ಸಲೀಸಾಗಿ ಕೂತುಬಿಡುತ್ತದೆ. ಕೂರುತ್ತದೆ ಎಂದು ಹಾರಿಸಬೇಡಿ. ಅದರ ಒತ್ತಡ ರಿವಾಲ್ವರ್ ಗುಂಡಿಗಿಂತ ಹೆಚ್ಚು. ಹಳೆಯ ರಿವಾಲ್ವರ್ ಅದನ್ನು ತಡೆಯದಿದ್ದರೆ ಹೋಗುವುದು ಹಾರಿಸಿದವನ ಕೈಬೆರಳು. ಲೈಸೆನ್ಸ್ ಪುಸ್ತಕದಲ್ಲಿ ಬರೆದಿರುವುದು, ನಳಿಕೆಯ ಮೇಲೆ ಕೊರೆದಿರುವುದು, ಡಬ್ಬಿಯ ಮೇಲೆ ಅಚ್ಚಾಗಿರುವುದು ಮೂರೂ ಒಂದೇ ಆಗಿರಬೇಕು. ಅಂಗಡಿಯಲ್ಲೇ ನಿಂತು ಓದಿ ನೋಡಿ.

ಹಾಲೋ ಪಾಯಿಂಟ್ ಬಗ್ಗೆ ಕೇಳುವವರಿಗೆ ಸ್ವಲ್ಪ ವಿವರವಾಗಿ ಹೇಳಬೇಕು. ಮೂತಿಯಲ್ಲಿ ಕುಳಿಯಿರುವ ಈ ಬುಲೆಟ್ ಮೈಗೆ ಬಿದ್ದಾಗ ಅರಳಿಕೊಳ್ಳುತ್ತದೆ. ಅರಳಿದ್ದರಿಂದ ವೇಗ ಬೇಗ ಕುಂದುತ್ತದೆ, ಆಚೆ ಬದಿಯಿಂದ ತೂರಿಕೊಂಡು ಹೋಗಿ ಹಿಂದಿದ್ದವರಿಗೆ ತಗಲುವ ಸಂಭವ ಕಡಿಮೆಯಾಗುತ್ತದೆ. ಈ ಬಗೆಯ ಗುಂಡಿನ ಚರಿತ್ರೆ ನಮ್ಮ ನೆಲಕ್ಕೆ ಅಂಟಿಕೊಂಡಿದೆ. 1890ರ ದಶಕದಲ್ಲಿ ಕಲ್ಕತ್ತೆಯ ಬಳಿಯ ಡಮ್ ಡಮ್ ಕಾರ್ಖಾನೆಯಲ್ಲಿ ಬ್ರಿಟಿಷರು ಅರಳುವ ಗುಂಡು ಮಾಡಿದ್ದು ಗಡಿನಾಡಿನ ಜನರ ಮೇಲೆ ಹಾರಿಸಲಿಕ್ಕೆ. 1899ರ ಹೇಗ್ ಘೋಷಣೆ ಯುದ್ಧದಲ್ಲಿ ಅಂಥ ಗುಂಡನ್ನು ನಿಷೇಧಿಸಿತು. ಆ ನಿಷೇಧ ದೇಶ ದೇಶಗಳ ಯುದ್ಧಕ್ಕೆ ಸಂಬಂಧಿಸಿದ್ದು. ಹಾಗಾಗಿಯೇ ಅಮೆರಿಕದ ಪೊಲೀಸರು ಇವತ್ತಿಗೂ ಅದನ್ನೇ ಬಳಸುತ್ತಾರೆ. 1986ರಲ್ಲಿ ಮಯಾಮಿಯಲ್ಲಿ ದರೋಡೆಕೋರರೊಡನೆ ನಡೆದ ಗುಂಡಿನ ಕಾಳಗದಲ್ಲಿ ಇಬ್ಬರು ಎಫ್‌ಬಿಐ ಅಧಿಕಾರಿಗಳು ಸತ್ತ ಮೇಲೆ ಆ ಸಂಸ್ಥೆ ಒಂದು ಅಳತೆ ಗೊತ್ತುಮಾಡಿತು: ಬುಲೆಟ್ ಜೆಲ್‌ನಲ್ಲಿ ಕನಿಷ್ಠ 12 ಇಂಚು ಒಳಗೆ ಹೋಗಬೇಕು, 18 ಇಂಚು ಮೀರಬಾರದು.

ನಮ್ಮ .32ಕ್ಕೆ ಈ ಅಳತೆ ಹಿಡಿದರೆ ತೊಡಕು ಗೊತ್ತಾಗುತ್ತದೆ. ಅದರ ಶಕ್ತಿ 9 ಎಂಎಂನ ಅರ್ಧಕ್ಕೂ ಕಡಿಮೆ. ಗಿಡ್ಡ ನಳಿಕೆಯಿಂದ ಹೊರಟ .32 ಹಾಲೋ ಪಾಯಿಂಟ್ ಎಷ್ಟೋ ಸಲ ಅರಳುವುದೇ ಇಲ್ಲ, ಅರಳಿದರೆ ಸಾಕಷ್ಟು ಆಳಕ್ಕೆ ಇಳಿಯುವುದಿಲ್ಲ. ಪಿಸ್ತೂಲಿನಲ್ಲಿ ಇನ್ನೂ ಒಂದು ಕಷ್ಟವಿದೆ. ಹಾಲೋ ಪಾಯಿಂಟ್ ಕಾರ್ಟ್ರಿಜ್‌ನ ಉದ್ದ ಸ್ವಲ್ಪ ಕಡಿಮೆ. ಮ್ಯಾಗಜೀನ್‌ನಲ್ಲಿ ಅದು ಹಿಂದೆ ಮುಂದೆ ಸರಿದಾಡಿ, ಮೇಲಿನ ಗುಂಡಿನ ಬುಡದ ಅಂಚು ಕೆಳಗಿನದರ ಅಂಚಿನ ಹಿಂದೆ ಸಿಕ್ಕಿಕೊಂಡುಬಿಡುತ್ತದೆ. ಹಾಗೆ ಸಿಕ್ಕಿಕೊಂಡ ಮೇಲೆ ಎಷ್ಟು ಎಳೆದರೂ ಎರಡನೆಯ ಗುಂಡು ಮೇಲೆ ಬರುವುದಿಲ್ಲ. ಆದ್ದರಿಂದ ನನ್ನ ತೀರ್ಮಾನ ಸರಳ. .32 ಪಿಸ್ತೂಲಿಗೆ ಲೋಹದ ಹೊದಿಕೆಯ ದುಂಡುಮೂತಿಯ ಗುಂಡು, ರಿವಾಲ್ವರಿಗೆ ಅದರದೇ ಸೀಸದ ದುಂಡುಮೂತಿ. ಪ್ರತಿ ಸಲ ಹಾರುವ ಸಾಧಾರಣ ಗುಂಡೇ ಮೇಲು. ಕಳ್ಳದಾರಿಯಲ್ಲಿ ಎರಡು ಡಬ್ಬಿ ತರಿಸಿಕೊಡುತ್ತೇನೆ ಎನ್ನುವವರ ಹತ್ತಿರ ಸುಳಿಯಬೇಡಿ. ಲೆಕ್ಕಕ್ಕೆ ಸಿಗದ ಒಂದೇ ಒಂದು ಗುಂಡು ನಿಮ್ಮ ಲೈಸೆನ್ಸನ್ನೂ ಜೈಲಿನಾಚೆಯ ಬದುಕನ್ನೂ ತಿಂದುಹಾಕುತ್ತದೆ.

ಹಾಗಾದರೆ .32 ಆಟಿಕೆಯೇ ಎಂದು ಕೇಳುತ್ತೀರಿ. ಈ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ಕಲ್ಯಾಣನಗರದಲ್ಲಿ ಎಂ. ಎಂ. ಕಲಬುರ್ಗಿಯವರನ್ನು ಅವರ ಮನೆಯ ಬಾಗಿಲಲ್ಲೇ ಕೊಂದದ್ದು 7.65 ಎಂಎಂ ನಾಡ ಪಿಸ್ತೂಲಿನಿಂದ. 2017ರ ಸೆಪ್ಟೆಂಬರ್ 5ರ ರಾತ್ರಿ ಬೆಂಗಳೂರಿನ ರಾಜರಾಜೇಶ್ವರಿನಗರದಲ್ಲಿ ಗೌರಿ ಲಂಕೇಶರನ್ನು ಕೊಂದದ್ದೂ ಅದೇ ಬೋರಿನಿಂದ. ಎರಡೂ ಕಡೆ ಸಿಕ್ಕ ಖಾಲಿ ಕೋಶಗಳನ್ನು, ಬುಲೆಟ್‌ಗಳನ್ನು ಸೂಕ್ಷ್ಮದರ್ಶಕದಡಿ ಹೋಲಿಸಿ ನೋಡಿದ ವಿಧಿವಿಜ್ಞಾನ ಪ್ರಯೋಗಾಲಯ, ಅವು ಒಂದೇ ಪಿಸ್ತೂಲಿನಿಂದ ಹಾರಿದವು ಎಂದಿತು. ಎಂಬತ್ತರ ಹತ್ತಿರದ ವಿದ್ವಾಂಸರೊಬ್ಬರ, ನಡುವಯಸ್ಸಿನ ಪತ್ರಕರ್ತೆಯೊಬ್ಬರ ಜೀವ ತೆಗೆಯಲು ಆ ‘ಸಣ್ಣ’ ಗುಂಡು ಸಾಕಾಯಿತು. ಗುಂಡಿನ ಬಲ ಅದು ತಗಲುವ ಜಾಗದಲ್ಲಿದೆ. ಸಿನಿಮಾದಲ್ಲಿ ಗುಂಡು ತಗಲಿದವನು ಹಾರಿ ಹಿಂದಕ್ಕೆ ಬೀಳುತ್ತಾನೆ. ಕೈಬಂದೂಕಿನ ಯಾವ ಗುಂಡೂ ಹಾಗೆ ಮಾಡುವುದಿಲ್ಲ. ಕೆಲವರು ತಗಲಿದ್ದೇ ಕುಸಿಯುತ್ತಾರೆ, ಕೆಲವರು ಎರಡು ಮೂರು ತಗಲಿದರೂ ಮೈಮೇಲೆ ಬರುತ್ತಾರೆ. ಬಂದೂಕಿನ ಫೈರಿಂಗ್ ಪಿನ್ನಿನ ಗುರುತು ಕೋಶದ ಮೇಲೆ ಉಳಿಯುತ್ತದೆ ಎಂಬುದನ್ನೂ ನೆನಪಿಡಿ. ನೀವು ಹಾರಿಸಿದ ಪ್ರತಿ ಗುಂಡೂ ನಿಮ್ಮ ಹೆಸರು ಹೊತ್ತೇ ಹೋಗುತ್ತದೆ.

ನಾನು ಭೀಮಾ ತೀರದವನು. ಇಂಡಿ, ಚಡಚಣದ ಕಡೆ ನಾಡ ಪಿಸ್ತೂಲುಗಳು ಎಷ್ಟು ಮನೆ ಹಾಳುಮಾಡಿವೆ ಎಂಬುದು ಊರಿನ ಪ್ರತಿ ಓಣಿಗೂ ಗೊತ್ತು. ಆ ಪಿಸ್ತೂಲುಗಳಿಗೆ ಗುಂಡು ಎಲ್ಲಿಂದ ಬರುತ್ತದೆ ಎಂದು ಯೋಚಿಸಿದ್ದೀರಾ? ನಾಡ ಪಿಸ್ತೂಲನ್ನು ಕುಲುಮೆಯಲ್ಲಿ ಮಾಡಬಹುದು, ಕಾರ್ಟ್ರಿಜ್ ಮಾಡುವುದು ಅಷ್ಟು ಸುಲಭವಲ್ಲ. ಲೈಸೆನ್ಸ್ ಇದ್ದವರ ಬೀರುವಿನಿಂದ, ಲೆಕ್ಕ ತಪ್ಪಿದ ಡಬ್ಬಿಯಿಂದ ನಾಲ್ಕು ಸೋರಿದರೂ ಅವು ಸೇರುವುದು ಅಂಥ ಕೈಗೇ. ಗೆಳೆಯ ಕೇಳಿದ, ಅಳಿಯ ಕೇಳಿದ ಎಂದು ಒಂದು ಗುಂಡನ್ನೂ ಕೊಡಬೇಡಿ. ಕೊಂಡದ್ದೆಷ್ಟು, ಅಭ್ಯಾಸದಲ್ಲಿ ಹಾರಿಸಿದ್ದೆಷ್ಟು, ಉಳಿದದ್ದೆಷ್ಟು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಖಾಲಿ ಕೋಶಗಳನ್ನು ಎಣಿಸಿ ಕಟ್ಟಿಡಿ.

ಈಗ ಗುಂಡನ್ನು ಕಾಪಾಡುವ ಮಾತು. ವಿದರ್ಭದ ಬಿಸಿಲು ನಿಮಗೆ ಗೊತ್ತಿರದಿದ್ದರೆ ಕಲಬುರಗಿ, ರಾಯಚೂರಿನವರನ್ನು ಕೇಳಿ. ಮೇ ಕೊನೆಯಲ್ಲಿ ಇಲ್ಲಿಯವರು ನೌತಪಾ ಎನ್ನುವ ಒಂಬತ್ತು ದಿನ ಬರುತ್ತದೆ. 45 ಡಿಗ್ರಿ ದಾಟುವುದು ಹೊಸತಲ್ಲ. ಆ ಬಿಸಿಲಲ್ಲಿ ಕಾರಿನ ಡ್ಯಾಶ್‌ಬೋರ್ಡಿನೊಳಗೆ ತುಂಬಿದ ರಿವಾಲ್ವರ್ ಬಿಟ್ಟು ಹೋಗುವವರಿದ್ದಾರೆ. ಗುಂಡು ಅಲ್ಲೇ ಸಿಡಿಯುವುದಿಲ್ಲ ನಿಜ. ಆದರೆ ವರ್ಷಗಟ್ಟಲೆ ಹಾಗೆ ಬೆಂದ ಮದ್ದು ಕೆಡುತ್ತಾ ಹೋಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಕಾರಿನ ಗಾಜು ಒಡೆದವನ ಕೈಗೆ ತುಂಬಿದ ಶಸ್ತ್ರ ಸಿಗುತ್ತದೆ. ಮಲೆನಾಡಿನಲ್ಲಿ, ಕರಾವಳಿಯಲ್ಲಿ ಇರುವವರಿಗೆ ತೇವದ ಕಾಟ. ಚರ್ಮದ ಚೀಲದಲ್ಲೇ ಗುಂಡು ಬಿಟ್ಟರೆ ಚರ್ಮ ಹದಮಾಡಿದ ರಸಾಯನಕ್ಕೆ ಹಿತ್ತಾಳೆ ಹಸಿರು ಕಿಲುಬು ಹಿಡಿಯುತ್ತದೆ. ಕಿಲುಬು ಹಿಡಿದ ಗುಂಡನ್ನು ಉಜ್ಜಿ ಹೊಳಪು ಮಾಡಿ ತುಂಬಬೇಡಿ, ತೆಗೆದಿಡಿ. ಬಂದೂಕಿಗೆ ಎಣ್ಣೆ ಹಾಕಿದ ಕೈಯಲ್ಲೇ ಗುಂಡು ಮುಟ್ಟುವುದೂ ತಪ್ಪು. ಬುಡದ ಪ್ರೈಮರಿನೊಳಗೆ ಎಣ್ಣೆ ಇಳಿದರೆ ಬೇಕಾದ ಗಳಿಗೆಯಲ್ಲಿ ‘ಟಿಕ್’ ಎನ್ನುವ ಸದ್ದು ಮಾತ್ರ ಬರುತ್ತದೆ. ಪಿಸ್ತೂಲಿನವರಿಗೆ ಇನ್ನೊಂದು ಮಾತು: ರಾತ್ರಿ ಖಾಲಿ ಮಾಡಿ ಬೆಳಿಗ್ಗೆ ಮತ್ತೆ ಅದೇ ಗುಂಡನ್ನು ಕೋಣೆಗೆ ತಳ್ಳುತ್ತಾ ಹೋದರೆ ಬುಲೆಟ್ ಕೋಶದೊಳಕ್ಕೆ ಒತ್ತಿಕೊಳ್ಳುತ್ತದೆ. ಒಳಗಿನ ಜಾಗ ಕುಗ್ಗಿದಂತೆ ಒತ್ತಡ ಏರುತ್ತದೆ. ಹೊಸ ಗುಂಡಿನ ಪಕ್ಕ ನಿಲ್ಲಿಸಿ ನೋಡಿ, ಗಿಡ್ಡವಾಗಿ ಕಂಡರೆ ಅದನ್ನು ಬಳಸಬೇಡಿ.

ಕೊಂಡ ಗುಂಡನ್ನು ಒಂದೂ ಹಾರಿಸದೆ ಹತ್ತು ವರ್ಷ ಕೂಡಿಡುವ ರೂಢಿ ನಮ್ಮಲ್ಲಿದೆ. ದುಬಾರಿ, ಕೋಟಾ ಕಡಿಮೆ ಎಂಬ ಕಾರಣ ನನಗೆ ಅರ್ಥವಾಗುತ್ತದೆ. ಆದರೂ ಹೇಳುತ್ತೇನೆ, ಹಳೆಯದನ್ನು ಅಭ್ಯಾಸದಲ್ಲಿ ಹಾರಿಸಿ, ಹೊಸದನ್ನು ಸೊಂಟಕ್ಕೆ ಇಟ್ಟುಕೊಳ್ಳಿ. ನಿಮ್ಮದೇ ಬಂದೂಕಿನಲ್ಲಿ, ನೀವು ಇಟ್ಟುಕೊಳ್ಳುವ ಅದೇ ಗುಂಡು ತಡೆಯಿಲ್ಲದೆ ಹಾರುತ್ತದೆ ಎಂದು ಕಂಡುಕೊಳ್ಳಲು ಬೇರೆ ದಾರಿಯಿಲ್ಲ. ಜಿಲ್ಲಾ ರೈಫಲ್ ಸಂಸ್ಥೆಗಳಿವೆ, ಕರ್ನಾಟಕದಲ್ಲಿ ಪೊಲೀಸ್ ಇಲಾಖೆ ನಡೆಸುವ ನಾಗರಿಕ ಬಂದೂಕು ತರಬೇತಿ ಇದೆ, ವಿಚಾರಿಸಿ.

ಅಲ್ಲಿ ಎರಡು ಸಂದರ್ಭಗಳನ್ನು ಗುರುತಿಸುವುದನ್ನು ಕಲಿಯಿರಿ. ಕುದುರೆ ಒತ್ತಿದಿರಿ, ಗುಂಡು ಹಾರಲಿಲ್ಲ. ಕೂಡಲೇ ನಳಿಕೆಯನ್ನು ನಿಮ್ಮ ಕಡೆ ತಿರುಗಿಸಿ ನೋಡಬೇಡಿ. ಸುರಕ್ಷಿತ ದಿಕ್ಕಿಗೇ ಹಿಡಿದು ಅರ್ಧ ನಿಮಿಷ ಕಾಯಿರಿ, ಮದ್ದು ತಡವಾಗಿ ಹೊತ್ತಿಕೊಳ್ಳುವುದುಂಟು. ಗಣಿಯಲ್ಲಿ ಹಾರದ ರಂಧ್ರದ ಹತ್ತಿರ ಕಾಯದೆ ಹೋದವರ ಕಥೆ ನಮ್ಮ ಹಿರಿಯರು ಹೊಸಬರಿಗೆಲ್ಲ ಹೇಳುತ್ತಿದ್ದರು. ಇನ್ನೊಂದು ಸಂದರ್ಭ ಇದಕ್ಕಿಂತ ಕೆಟ್ಟದ್ದು. ಗುಂಡು ಹಾರಿತು, ಆದರೆ ಸದ್ದು ಸಪ್ಪಗಿತ್ತು, ಕೈಗೆ ಒದೆತ ಬರಲಿಲ್ಲ. ಆಗ ಬುಲೆಟ್ ನಳಿಕೆಯಲ್ಲೇ ಸಿಕ್ಕಿಕೊಂಡಿರಬಹುದು. ಮುಂದಿನ ಗುಂಡು ಹಾರಿಸಿದರೆ ನಳಿಕೆ ಉಬ್ಬಿ ಒಡೆಯಬಹುದು. ನಿಲ್ಲಿಸಿ, ಪೂರ್ತಿ ಖಾಲಿ ಮಾಡಿ, ಸರಳು ತೂರಿಸಿ ನಳಿಕೆ ಬಯಲಿದೆಯೇ ಎಂದು ನೋಡಿದ ಮೇಲೆಯೇ ಮುಂದಿನ ಮಾತು. ಹಳೆಯ ರಿವಾಲ್ವರ್ ಇದ್ದವರು ಸುತ್ತಿಗೆಯ ಕೆಳಗಿನ ಕೋಣೆಯನ್ನು ಖಾಲಿ ಬಿಟ್ಟೇ ಇಟ್ಟುಕೊಳ್ಳಿ. ಕೆಳಗೆ ಬಿದ್ದ ಪೆಟ್ಟಿಗೆ ತಾನಾಗಿ ಹಾರುವ ಮಾದರಿಗಳಿವೆ.

ಬಚ್ಚಿಟ್ಟುಕೊಂಡು ಓಡಾಡಬಹುದೇ ಎಂಬ ಪ್ರಶ್ನೆಗೆ 2016ರ ಶಸ್ತ್ರ ನಿಯಮಗಳೇ ಉತ್ತರ ಕೊಡುತ್ತವೆ. ಸಾರ್ವಜನಿಕ ಜಾಗದಲ್ಲಿ ಕೈಬಂದೂಕು ಹೋಲ್‌ಸ್ಟರ್‌ನಲ್ಲೋ ಅಂಥದೇ ಚೀಲದಲ್ಲೋ ಇರಬೇಕು, ಪೂರ್ತಿ ಮುಚ್ಚಿರಬೇಕು, ನಿಮ್ಮ ಹತೋಟಿಯಲ್ಲಿರಬೇಕು. ಹೊರಗೆ ತೆಗೆದು ಝಳಪಿಸುವುದಕ್ಕೆ ಅವಕಾಶವೇ ಇಲ್ಲ. ಮದುವೆಯಲ್ಲಿ, ಗೆಲುವಿನ ಮೆರವಣಿಗೆಯಲ್ಲಿ ಗಾಳಿಗೆ ಗುಂಡು ಹಾರಿಸಿ ಯಾರದಾದರೂ ಜೀವಕ್ಕೆ ಅಪಾಯ ತಂದರೆ 2019ರ ತಿದ್ದುಪಡಿ ಪ್ರಕಾರ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ ಅಥವಾ ಎರಡೂ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಗೆ ಲೈಸೆನ್ಸ್ ಬೇಕಿಲ್ಲ ಎಂಬ ವಿನಾಯಿತಿಯನ್ನು ಕರ್ನಾಟಕ ಹೈಕೋರ್ಟ್ 2021ರಲ್ಲಿ ಎತ್ತಿಹಿಡಿಯಿತು. ಆ ಕೋವಿ ಕೈಲ್ ಪೊಳ್ದ್ ಹಬ್ಬದಲ್ಲಿ ಪೂಜೆಗೊಳ್ಳುವ, ಎಲ್ಲರ ಕಣ್ಣೆದುರಿಗಿರುವ ಆಯುಧ. ಅಂಗಿಯೊಳಗಿನ ಪಿಸ್ತೂಲಿಗೆ ಅದರ ಸಲುಗೆಯನ್ನು ತರಬೇಡಿ.

ಇಲ್ಲಿ ನನ್ನ ನೆರೆಯವರಿಗೂ ಒಂದು ಮಾತು. ಉಮರೇಡ್‌ನ ಒಂದು ಬದಿಗೆ ಗಣಿ, ಇನ್ನೊಂದು ಬದಿಗೆ ಉಮರೇಡ್–ಕರ್ಹಾಂಡ್ಲಾ ಅಭಯಾರಣ್ಯ. ರಾತ್ರಿ ಭಿವಾಪುರ, ಪೌನಿಯ ಕಡೆ ಹೋಗುವಾಗ ಹುಲಿ ಅಡ್ಡ ಬಂದರೆ ಎಂದು ಪಿಸ್ತೂಲು ಇಟ್ಟುಕೊಳ್ಳುವವರಿದ್ದಾರೆ. .32 ಗುಂಡಿನಿಂದ ಹುಲಿ ಸಾಯುವುದಿಲ್ಲ, ಗಾಯಗೊಳ್ಳುತ್ತದೆ. ಗಾಯಗೊಂಡ ಹುಲಿ ಮರುದಿನ ಸಿಗುವುದು ಸೌದೆಗೆ, ಮೊಹುವಾ ಆರಿಸಲಿಕ್ಕೆ ಹೋದ ಹೆಂಗಸಿಗೆ. ಕಾರಿನ ಗಾಜು ಏರಿಸಿಕೊಂಡು ಸುಮ್ಮನೆ ಕುಳಿತಿರಿ, ಅದು ದಾಟಿ ಹೋಗುತ್ತದೆ.

ಕೊನೆಗೆ ಕುದುರೆ ಒತ್ತುವ ಆ ಗಳಿಗೆ. ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ಆತ್ಮರಕ್ಷಣೆಯ ಹಕ್ಕನ್ನು ಹೇಳುತ್ತವೆ. ಜೀವಕ್ಕೆ ಎರವಾಗುವ ಹಲ್ಲೆ, ಅತ್ಯಾಚಾರದ ಉದ್ದೇಶದ ಹಲ್ಲೆ, ಅಪಹರಣ ಇಂಥವುಗಳ ಎದುರು ಆ ಹಕ್ಕು ಎದುರಾಳಿಯ ಪ್ರಾಣ ತೆಗೆಯುವವರೆಗೂ ಹೋಗುತ್ತದೆ. ಆದರೆ ತಡೆಯಲು ಬೇಕಾದಷ್ಟಕ್ಕಿಂತ ಹೆಚ್ಚಿನ ಪೆಟ್ಟಿಗೆ ಅನುಮತಿಯಿಲ್ಲ, ಪೊಲೀಸರ ಮೊರೆ ಹೋಗಲು ಸಮಯವಿದ್ದರೆ ಹಕ್ಕೇ ಇಲ್ಲ. ಓಡಿಹೋಗುತ್ತಿರುವ ಕಳ್ಳನ ಬೆನ್ನಿಗೆ ಹಾರಿಸಿದ ಗುಂಡನ್ನು ಯಾವ ವಕೀಲನೂ ಸುಲಭವಾಗಿ ಸಮರ್ಥಿಸಲಾರ. 44ನೇ ಕಲಮು ಇನ್ನೊಂದು ಸಂಕಟವನ್ನು ಕಂಡಿದೆ: ಕೊಲ್ಲಲು ಬಂದ ಗುಂಪಿನೊಳಗೆ ಮಕ್ಕಳಿದ್ದರೂ ಬೇರೆ ದಾರಿಯೇ ಇಲ್ಲದಿದ್ದರೆ, ಅವರಿಗೆ ತಗಲುವ ಅಪಾಯವಿದ್ದರೂ ಗುಂಡು ಹಾರಿಸಬಹುದು ಎನ್ನುತ್ತದೆ. ಕಾನೂನು ನಿಮ್ಮನ್ನು ಕ್ಷಮಿಸಿದರೂ ಆ ಮಗು ಏಳುವುದಿಲ್ಲ. ನಾಗ್ಪುರದ ಇತವಾರಿ, ಹುಬ್ಬಳ್ಳಿಯ ದುರ್ಗದ ಬೈಲು ಇಂಥ ಕಡೆ ನಿಮ್ಮ ಎದುರಾಳಿಯ ಹಿಂದೆ ಯಾವಾಗಲೂ ಜನ ಇದ್ದೇ ಇರುತ್ತಾರೆ. ಮನೆಯೊಳಗೂ ತಗಡಿನ ಗೋಡೆ, ಪ್ಲೈವುಡ್ ಬಾಗಿಲು ಗುಂಡನ್ನು ತಡೆಯುವುದಿಲ್ಲ. ಹೆಚ್ಚಿನ ಅನಾಹುತ ಆಗುವುದು ಗುರಿ ತಪ್ಪಿದ ಗುಂಡಿನಿಂದ. ಅದಕ್ಕೆ ಅಭ್ಯಾಸ ಒಂದೇ ಮದ್ದು.

ಈ ಭಾನುವಾರ ಒಂದು ಗಂಟೆ ಬಿಡುವು ಮಾಡಿಕೊಳ್ಳಿ. ಮಕ್ಕಳು ಹೊರಗಿರುವಾಗ ಬಂದೂಕನ್ನು ಖಾಲಿ ಮಾಡಿ, ಎಲ್ಲ ಗುಂಡುಗಳನ್ನೂ ಒಣಬಟ್ಟೆಯ ಮೇಲೆ ಹರಡಿ. ಬುಡದ ಮುದ್ರೆ ಓದಿ, ಕಿಲುಬು ನೋಡಿ, ಉದ್ದ ಹೋಲಿಸಿ, ಲೈಸೆನ್ಸ್ ಪುಸ್ತಕದ ಲೆಕ್ಕಕ್ಕೆ ತಾಳೆ ಹಾಕಿ. ಕೆಟ್ಟವನ್ನು ಕಸಕ್ಕೆ, ಬಾವಿಗೆ, ಒಲೆಗೆ ಎಸೆಯಬೇಡಿ. ನೀವು ಕೊಂಡ ಡೀಲರ್‌ನನ್ನೋ ಪೊಲೀಸ್ ಠಾಣೆಯನ್ನೋ ಕೇಳಿ ಒಪ್ಪಿಸಿ, ರಸೀದಿ ಪಡೆಯಿರಿ. ಉಳಿದದ್ದನ್ನು ಬಂದೂಕಿನಿಂದ ಬೇರೆಯಾಗಿ ಬೀಗ ಹಾಕಿಡಿ. ಲೆಕ್ಕದಲ್ಲಿ ಒಂದು ಕಡಿಮೆ ಬಂದರೆ ಅಂದೇ ಠಾಣೆಗೆ ಹೋಗಿ ಬರೆದುಕೊಡಿ.

ನಿಮ್ಮ ವಿಶ್ವಾಸಿ,
ಉಮರೇಡ್‌ನ ಒಬ್ಬ ಗಣಿ ಕೆಲಸಗಾರ